ಹುಲಿ ಮೈಸೂರಿಗೆ, ಮೊಸಳೆ ಮದ್ರಾಸಿಗೆ

ಸೇತುರಾಮಯ್ಯನವರು ರಾಜಾಜಿನಗರದ ಆ ಬೀದಿಯಲ್ಲಿ ಹನ್ನೊಂದು ವರ್ಷದಿಂದ ವಾಸವಾಗಿದ್ದರು. ಆದರೆ ಅವರು ಅಲ್ಲಿದ್ದಾರೆ ಅನ್ನುವ ಸಂಗತಿ ಬೀದಿಗೆ ತಿಳಿದದ್ದು ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಾಯಿಸಿಕೊಂಡ ಮರುವರ್ಷದ ಬೇಸಿಗೆಯಲ್ಲಿ. ಅದಕ್ಕೆ ಮೊದಲು ಅವರು ಒಂದು ಸಲ ಗಣೇಶೋತ್ಸವದ ಕಮಿಟಿಯಲ್ಲಿದ್ದರು, ನಿಜ. ಕರಪತ್ರ ಅಚ್ಚಾಗಿ ಬಂದಾಗ ಅವರ ಹೆಸರು 'ಮತ್ತು ಇತರರು' ಅನ್ನುವ ಮಾತಿನೊಳಗೆ ಅಡಗಿಹೋಗಿತ್ತು. ಆ ಕರಪತ್ರವನ್ನೂ ಅವರು ಜೋಪಾನವಾಗಿ ಟ್ರಂಕಿನಲ್ಲಿಟ್ಟುಕೊಂಡಿದ್ದರು.

ಆ ಬೇಸಿಗೆಯಲ್ಲಿ ಬೀದಿಯವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಎಂಟು ದಿನ ಪ್ರವಾಸ ಹೋಗುವುದೆಂದು ನಿಶ್ಚಯವಾಯಿತು. ದೇವಸ್ಥಾನಗಳು ಬೇಡ, ಅವು ಪ್ರತಿ ವರ್ಷ ಇದ್ದದ್ದೇ. ಈ ಸಲ ಮಕ್ಕಳಿಗೋಸ್ಕರ ಪ್ರಾಣಿ ಪಕ್ಷಿ ಮೀನುಗಳನ್ನು ನೋಡಿಬರೋಣ ಎಂದರು. ಎಲ್ಲಿಯ ಪ್ರಾಣಿ, ಎಲ್ಲಿಯ ಮೀನು ಅನ್ನುವಲ್ಲಿ ಬೀದಿ ಎರಡಾಯಿತು. ಮೈಸೂರಿನ ಬಗ್ಗೆ ತಕರಾರಿರಲಿಲ್ಲ. ಮೈಸೂರಾದ ಮೇಲೆ ಎಲ್ಲಿಗೆ? ಪಕ್ಕದ ಮನೆಯ ಗೋಪೀನಾಥ ಹೈದರಾಬಾದ್ ಎಂದರು. ಅವರು ಅಲ್ಲಿಗೊಮ್ಮೆ ಹೋಗಿ ಬಂದಿದ್ದರು, ಜಿರಾಫೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು, ಆ ಫೋಟೋ ಸದಾ ಅವರ ಜೇಬಿನಲ್ಲಿರುತ್ತಿತ್ತು. ಸೇತುರಾಮಯ್ಯನವರ ಹೆಂಡತಿ ಜಲಜಾ ಮದ್ರಾಸ್ ಎಂದಳು. ಅಲ್ಲಿ ಸಮುದ್ರದ ದಂಡೆಯಲ್ಲಿ ಮೀನುಮನೆ, ಗಿಂಡಿಯಲ್ಲಿ ಹಾವು ಮೊಸಳೆ, ಮಾಂಬಲದಲ್ಲಿ ಅವಳ ಅಕ್ಕ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೂ ಅವಳ ಒತ್ತು ಇದ್ದದ್ದು ಅಕ್ಕನ ಮೇಲೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಹೈದರಾಬಾದ್ ಇಲ್ಲ ಅಂದ್ರೆ ನಮ್ಮ ಕಡೆಯ ಹನ್ನೊಂದು ಜನ ಬರೋಲ್ಲ," ಎಂದರು ಗೋಪೀನಾಥ. ಹನ್ನೊಂದು ಜನ ಬರದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಪ್ರವಾಸವಿಲ್ಲ.

ಜಗಳ ಬೇಡ, ಯಾರ ಪಕ್ಷಕ್ಕೂ ಸೇರದ ಒಬ್ಬರು ಎಲ್ಲ ಊರುಗಳಿಗೂ ಕಾಗದ ಬರೆದು, ವಿಚಾರಿಸಿ, ತೀರ್ಮಾನ ಹೇಳಲಿ ಎಂದಾಯಿತು. ಯಾವುದಕ್ಕೂ ಸೇರದವರು ಯಾರು ಎಂದು ಎಲ್ಲರೂ ಸುತ್ತ ನೋಡಿದರು. ಕಾಫಿ ಲೋಟಗಳನ್ನು ಒಟ್ಟುಮಾಡುತ್ತಿದ್ದ ಸೇತುರಾಮಯ್ಯ ಕಣ್ಣಿಗೆ ಬಿದ್ದರು. ಹೀಗೆ ಅವರು ಅಧ್ಯಕ್ಷರಾದರು.

ಮಾರನೇ ದಿನವೇ ಅವರು ಚಿಕ್ಕಪೇಟೆಗೆ ಹೋಗಿ ರಬ್ಬರ್ ಸ್ಟಾಂಪು ಮಾಡಲು ಕೊಟ್ಟರು. 'ಅಧ್ಯಕ್ಷರು, ಪ್ರವಾಸಕ್ಕಾಗಿ ಮೃಗಾಲಯ ಹಾಗೂ ಮತ್ಸ್ಯಾಲಯಗಳ ಆಯ್ಕೆ ಸಮಿತಿ, ರಾಜಾಜಿನಗರ.'

"ಇಷ್ಟು ಅಕ್ಷರ ಹಿಡಿಸೋಲ್ಲ ಸಾರ್, ಒಂದು ಮಾತು ಕಮ್ಮಿ ಮಾಡಿ," ಎಂದ ಸ್ಟಾಂಪಿನವನು.

ಸೇತುರಾಮಯ್ಯ ಅಂಗಡಿಯ ಮುಂದೆಯೇ ಅರ್ಧ ಗಂಟೆ ಯೋಚಿಸಿದರು. 'ಅಧ್ಯಕ್ಷರು' ತೆಗೆಯುವ ಪ್ರಶ್ನೆಯೇ ಇಲ್ಲ. ಮೃಗ ತೆಗೆದರೆ ಗೋಪೀನಾಥ ಬಿಡುವುದಿಲ್ಲ, ಮತ್ಸ್ಯ ತೆಗೆದರೆ ಜಲಜಾ ಬಿಡುವುದಿಲ್ಲ. ರಾಜಾಜಿನಗರ ತೆಗೆದರೆ ಉತ್ತರ ಎಲ್ಲಿಗೆ ಬರಬೇಕು? ಕೊನೆಗೆ, ಯಾರಿಗೂ ನೋವಾಗದಂತೆ, 'ಪ್ರವಾಸಕ್ಕಾಗಿ' ಅನ್ನುವುದನ್ನು ತೆಗೆಸಿದರು. ಸ್ಟಾಂಪು ಬಹಳ ಲಕ್ಷಣವಾಗಿ ಬಂತು. ಎಷ್ಟು ಲಕ್ಷಣವಾಗಿತ್ತೆಂದರೆ ಅದನ್ನೇ ನೋಡಿಕೊಂಡು ಒಂದು ಬೋರ್ಡು ಬರೆಸಿ ಗೇಟಿಗೆ ತೂಗುಹಾಕಿದರು.

ಆ ಗೇಟಿಗೆ ದಿನಾ ಬೆಳಿಗ್ಗೆ ಹೇರೋಹಳ್ಳಿಯಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದವಳು ಪಟಾಲಮ್ಮ. ಊರಿನಿಂದ ಮಾಗಡಿ ರೋಡಿನ ತನಕ ಅವಳು ನಡೆದು ಬರುವ ದಾರಿಯನ್ನು ಸರ್ಕಾರದ ಕಾಗದದಲ್ಲಿ ರಸ್ತೆ ಎಂದು ಕರೆಯುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಆ ರಸ್ತೆಯಲ್ಲೇ ಜಾರಿ ಬಿದ್ದು ಅವಳ ಎಡಗಾಲು ಸ್ವಲ್ಪ ಕುಂಟುತ್ತಿತ್ತು. ಓದು ಬಾರದ ಪಟಾಲಮ್ಮ ಹೊಸ ಬೋರ್ಡನ್ನು ನೋಡಿ ಟಪಾಲಿನ ಅಂಜಿನಯ್ಯನನ್ನು ಕೇಳಿದಳು.

"ಮೃಗಾಲಯ ಆಯ್ಕೆ ಸಮಿತಿ," ಎಂದು ಓದಿದ ಅಂಜಿನಯ್ಯ.

"ಅಂಗಂದ್ರೆ ಏನಣ್ಣ?"

"ಹುಲಿ, ಸಿಂಹ, ಮೊಸಳೆ ಎಲ್ಲ ಎಲ್ಲಿ ಇಡಬೇಕು ಅಂತ ಜಾಗ ಆರಿಸೋ ಕಮಿಟಿ. ಬನ್ನೇರುಘಟ್ಟದ ಕಡೆ ಸರ್ಕಾರದೋರು ಪ್ರಾಣಿ ತಂದು ಬಿಡ್ತಾವ್ರಂತಲ್ಲ, ಅಂಥದೇ."

ಅದೇ ಹೊತ್ತಿಗೆ ಒಳಗಿನಿಂದ ಸೇತುರಾಮಯ್ಯನವರ ದನಿ ಕೇಳಿಸಿತು. ಅವರು ನಕ್ಷೆ ಹರಡಿಕೊಂಡು ಜಲಜಾಗೆ ಹೇಳುತ್ತಿದ್ದರು: "ಎಂಟೇ ದಿನದಲ್ಲಿ ಎಲ್ಲಾ ಆಗೋಲ್ಲ ಕಣೇ. ಏನಾದ್ರೂ ಬಿಡಲೇಬೇಕು. ಹುಲಿ ಬಿಡೋದು ಕಷ್ಟ. ಹಾವು ಬೇಕಾದ್ರೆ ಬಿಡಬಹುದು. ಆದ್ರೆ ಹಾವು ಬಿಟ್ರೆ ಮಕ್ಕಳು ಅಳ್ತಾವೆ. ಇನ್ನೊಂದು ವಾರದೊಳಗೆ ಜಾಗ ತೀರ್ಮಾನ ಆಗ್ಲೇಬೇಕು."

ಪಟಾಲಮ್ಮ ಬುಟ್ಟಿ ಎತ್ತಿಕೊಂಡವಳು ಉಳಿದ ಮನೆಗಳಿಗೆ ಸೊಪ್ಪು ಕೊಡಲಿಲ್ಲ. ಕುಂಟುಗಾಲಿನಲ್ಲೇ ಊರಿಗೆ ಓಡಿದಳು. ಮಧ್ಯಾಹ್ನದೊಳಗೆ ಹೇರೋಹಳ್ಳಿಯಲ್ಲಿ, ರಾಜಾಜಿನಗರದ ಐನೋರು ಹಾವು ಬಿಡುತ್ತಾರೆ, ಹುಲಿ ಬಿಡುವುದು ಅವರಿಗೂ ಸ್ವಲ್ಪ ಕಷ್ಟವಂತೆ, ಆದರೂ ಬಿಡದೆ ಇರುವುದಿಲ್ಲ ಎಂಬ ಸುದ್ದಿ ಪ್ರತಿಯೊಂದು ಜಗಲಿಯನ್ನೂ ಮುಟ್ಟಿತು. ಜಾಗ ಯಾವುದು ಎಂದು ಯಾರೂ ಹೇಳಿರಲಿಲ್ಲ. ಆದರೆ ಸೊಪ್ಪು ಕೊಳ್ಳುವವರು ಸೊಪ್ಪಿನವಳ ಊರು ಬಿಟ್ಟು ಬೇರೆ ಊರು ಯಾಕೆ ಆರಿಸುತ್ತಾರೆ?

ಮಾರನೇ ದಿನ ಊರಿನ ಯಜಮಾನ ದೊಡ್ಡಹನುಮಯ್ಯ, ಹಿಂದೆ ನಾಲ್ಕು ಜನ, ಮುಂದೆ ಒಂದು ಹಲಸಿನಹಣ್ಣು ಸಮೇತ ಸೇತುರಾಮಯ್ಯನವರ ಜಗಲಿಗೆ ಬಂದ.

"ಪಟಾಲಮ್ಮ ಎಲ್ಲಾ ಏಳಿದ್ಲು ಸೋಮಿ. ನಿಮ್ಮ ಕೈಯಾಗೇ ಐತಂತೆ ತೀರ್ಮಾನ."

ಸೇತುರಾಮಯ್ಯ ಹಿಗ್ಗಿದರು. ತಮ್ಮ ಪ್ರವಾಸದ ಸುದ್ದಿ ಹೇರೋಹಳ್ಳಿಯ ತನಕ ಹೋಗಿದೆ! "ಹೌದು ಯಜಮಾನ್ರೇ. ಎಲ್ಲರೂ ನನ್ನ ಮೇಲೇ ಬಿಟ್ಟಿದಾರೆ."

"ಉಲಿ ಒಂದು ಬ್ಯಾಡ ಸೋಮಿ."

"ಹುಲಿ ಬೇಡ್ವಾ? ಹುಲಿ ಇಲ್ದೆ ಏನ್ರೀ ಚೆಂದ? ಹುಲಿ ಇದ್ರೇನೇ ಮಕ್ಕಳಿಗೆ ಖುಷಿ."

"ಮಕ್ಕಳಿಗಾ?" ಎಂದು ಹಿಂದಿದ್ದವರಲ್ಲಿ ಒಬ್ಬ ಕುಸಿದು ಕೂತ.

"ಮತ್ತೆ ಮೊಸಳೆ?" ಎಂದ ದೊಡ್ಡಹನುಮಯ್ಯ, ದನಿ ಇಳಿಸಿ.

"ಒಂದಿಪ್ಪತ್ತಾದ್ರೂ ಇರಬೇಕು. ಒಂದು ಎರಡಕ್ಕೆಲ್ಲ ಬಸ್ಸು ಮಾಡಿಕೊಂಡು ಹೋಗೋಕಾಗುತ್ತಾ?"

"ನಮ್ಮೂರಾಗೆ ಇರೋದು ಒಂದೇ ಕೆರೆ ಸೋಮಿ. ಎಮ್ಮೆ ಮೈತೊಳೆಯೋದೂ ಅಲ್ಲೇಯಾ."

ಇದಕ್ಕೂ ಮೊಸಳೆಗೂ ಏನು ಸಂಬಂಧವೆಂದು ಸೇತುರಾಮಯ್ಯನವರಿಗೆ ಹೊಳೆಯಲಿಲ್ಲ. ಹಳ್ಳಿಯ ಜನ ಮಾತು ಎಲ್ಲಿಂದ ಎಲ್ಲಿಗೋ ತೆಗೆದುಕೊಂಡು ಹೋಗುತ್ತಾರೆ ಎಂದುಕೊಂಡು, "ಸಂತೋಷ, ಸಂತೋಷ" ಎಂದರು.

ದೊಡ್ಡಹನುಮಯ್ಯ ಎದ್ದು ಕೈಮುಗಿದ. "ಒಂದು ಕಿತ ನಮ್ಮೂರಿಗೆ ಬಂದು ಕಣ್ಣಾರೆ ನೋಡಿ ಸೋಮಿ. ಕಮಿಟಿಯೋರು ಎಲ್ರೂ ಬನ್ನಿ. ಊಟ ನಮ್ದೇಯ. ಆಮ್ಯಾಕೆ ನೀವು ಏನು ತೀರ್ಮಾನ ಏಳಿದ್ರೂ ತಲೆ ಮ್ಯಾಲೆ ಇಟ್ಕೋತೀವಿ."

ಊಟಕ್ಕೆ ಇಷ್ಟು ಗೌರವದಿಂದ ಯಾರೂ ಅವರನ್ನು ಕರೆದಿರಲಿಲ್ಲ. ಬರುವ ಭಾನುವಾರ ಇಡೀ ಸಮಿತಿಯೊಂದಿಗೆ ಬರುತ್ತೇನೆಂದು ಮಾತು ಕೊಟ್ಟರು. ಬಸ್ಸು ಹೇಗಿದೆ ಎಂದು ಒಂದು ಸಲ ಓಡಿಸಿ ನೋಡಿದಂತೆಯೂ ಆಯಿತು.

"ರೀ," ಎಂದಳು ಜಲಜಾ, ಹಲಸಿನಹಣ್ಣನ್ನು ಅನುಮಾನದಿಂದ ನೋಡುತ್ತ, "ನಾವು ಟೂರಿಗೆ ಹೋಗೋದಕ್ಕೆ ಇವರು ಯಾಕ್ರೀ ಹಲಸಿನಹಣ್ಣು ಕೊಡ್ತಾರೆ?"

"ಅಧ್ಯಕ್ಷ ಅಂದಮೇಲೆ ಜನ ವಿಚಾರಿಸಿಕೊಳ್ತಾರೆ ಕಣೇ. ನಿನಗೆ ಅಭ್ಯಾಸ ಇಲ್ಲ, ಅಷ್ಟೇ."

ಹಲಸಿನಹಣ್ಣಿನ ವಾಸನೆ ಮಲ್ಲೇಶ್ವರದ ತನಕ ಹೋಯಿತೋ ಏನೋ, ಗುರುವಾರ ಜಲಜಾಳ ಸೋದರತ್ತೆ ಅನಂತಲಕ್ಷ್ಮಮ್ಮ ಗೇಟಿನ ಬೋರ್ಡನ್ನು ಎರಡು ಸಲ ಓದಿಕೊಂಡು ಒಳಗೆ ಬಂದರು. ಅವರ ಮಗ ಪುರುಷೋತ್ತಮ ಬಿ.ಎ. ಮುಗಿಸಿ ಆರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವನು ಮುಗಿಸಿದ್ದು ಊಟ ಮಾತ್ರ.

"ಅಳಿಯಂದ್ರೇ, ನಮ್ಮ ಪುರುಷೂಗೂ ಒಂದು ಸೀಟು ಕೊಡಿಸಿಬಿಡಿ. ನಿಮ್ಮ ಉಪಕಾರ ಏಳು ಜನ್ಮಕ್ಕೂ ಮರೆಯೋಲ್ಲ."

"ಸೀಟಿಗೆ ಇಷ್ಟೆಲ್ಲಾ ಯಾಕೆ ಅತ್ತೆ? ಇನ್ನೂ ನಾಲ್ಕು ಖಾಲಿ ಇವೆ."

"ನಾಲ್ಕಾ! ಹುಲಿ ಹತ್ತಿರ ಮಾತ್ರ ಬೇಡಿ. ಅವನಿಗೆ ಎದೆ ಸ್ವಲ್ಪ ವೀಕು."

"ಅವನಿಗೆ ಕಿಟಕಿ ಪಕ್ಕ ಕೊಡ್ತೀನಿ. ಗಾಳಿ ಚೆನ್ನಾಗಿ ಬರುತ್ತೆ."

"ಕೆಲಸ ಏನಿರುತ್ತೆ?"

"ಕೆಲಸವೇ? ಕೂತಿರೋದು ಅತ್ತೆ. ನಿದ್ದೆ ಬಂದ್ರೆ ನಿದ್ದೆ ಮಾಡ್ಲಿ. ಯಾರು ಕೇಳ್ತಾರೆ?"

"ಊಟ, ತಿಂಡಿ?"

"ಎಲ್ಲಾ ಸೇರಿದೆ."

ಅನಂತಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೌರ್ಮೆಂಟು ಅಂದ್ರೆ ಗೌರ್ಮೆಂಟು" ಎನ್ನುತ್ತ, ಹೆಣ್ಣು ನೋಡಲು ಅಲ್ಲಿಂದ ನೇರವಾಗಿ ಚಾಮರಾಜಪೇಟೆಗೆ ಹೋದರಂತೆ.

ಇತ್ತ ದೊಡ್ಡಹನುಮಯ್ಯನೂ ಸುಮ್ಮನೆ ಕೂತಿರಲಿಲ್ಲ. ಆ ರಸ್ತೆಯ ಉಸ್ತುವಾರಿ ನೋಡಿಕೊಳ್ಳಬೇಕಾದ ಓವರ್‌ಸೀಯರ್ ಪಂಚಾಕ್ಷರಿಯ ಹತ್ತಿರ ಹೋಗಿ, "ಭಾನುವಾರ ಬೆಂಗಳೂರಿನಿಂದ ದೊಡ್ಡ ಕಮಿಟಿ ಬರ್ತೈತೆ ಸೋಮಿ, ಉಲಿ ಜಾಗ ನೋಡಾಕೆ, ಬಸ್ಸಿನಾಗೆ" ಎಂದು ಮೂರೇ ಮಾತು ಹೇಳಿದ್ದ. ಎಂಟು ವರ್ಷದ ಅರ್ಜಿಗಳು ಮಾಡದ ಕೆಲಸವನ್ನು ಆ ಮೂರು ಮಾತು ಮಾಡಿದವು. ಪಂಚಾಕ್ಷರಿ ಸೈಕಲ್ ಹತ್ತಿ ರಾಜಾಜಿನಗರಕ್ಕೆ ಬಂದ. ಬೋರ್ಡು ನೋಡಿದ. ಬೂಟು ಕಳಚಿ ಒಳಗೆ ಬಂದ.

"ಸಾರ್, ಭಾನುವಾರ ಹೇರೋಹಳ್ಳಿಗೆ ಸಮಿತಿ ಎಷ್ಟು ಜನ?"

"ಮೂವತ್ತೆಂಟು. ಮಕ್ಕಳೂ ಸೇರಿ."

ಮಕ್ಕಳನ್ನೂ ಹಾಕಿಕೊಂಡ ಸಮಿತಿಯನ್ನು ಪಂಚಾಕ್ಷರಿ ಕೇಳಿರಲಿಲ್ಲ. ಇದು ಕೇಂದ್ರ ಸರ್ಕಾರದ್ದೇ ಇರಬೇಕು ಎಂದುಕೊಂಡ. "ಬಸ್ಸು ದೊಡ್ಡದಾ ಸಾರ್?"

"ದೊಡ್ಡದೇ. ಯಾಕ್ರೀ, ಆ ರಸ್ತೇಲಿ ಬಸ್ಸು ಹೋಗಲ್ವಾ? ವಯಸ್ಸಾದವರು ಬರ್ತಾರೆ. ಕುಲುಕಿದ್ರೆ ನಾನೇ ಜವಾಬ್ದಾರಿ."

"ಕುಲುಕೋಲ್ಲ ಸಾರ್," ಎಂದ ಪಂಚಾಕ್ಷರಿ, ಬೆವರು ಒರೆಸಿಕೊಳ್ಳುತ್ತ. "ಭಾನುವಾರದ ಹೊತ್ತಿಗೆ ಕುಲುಕೋಲ್ಲ."

ಈತ ಬಸ್ಸಿನ ಕಂಪನಿಯವನಿರಬೇಕು, ಎಷ್ಟು ಮುತುವರ್ಜಿ ಎಂದು ಸೇತುರಾಮಯ್ಯ ಮೆಚ್ಚಿಕೊಂಡು ಕಾಫಿ ಕೊಡಿಸಿದರು.

ಅಂದು ಮಧ್ಯಾಹ್ನದಿಂದಲೇ ಹೇರೋಹಳ್ಳಿಯ ದಾರಿಗೆ ಜಲ್ಲಿ ಬಂತು, ಕೆಮ್ಮಣ್ಣು ಬಂತು, ರೋಡ್ ರೋಲರ್ ಬಂತು. ಊರಿನ ಮುದುಕರು ರೋಲರ್ ನೋಡಲು ಚಾಪೆ ಹಾಸಿಕೊಂಡು ಕೂತರು. ಒಡೆದ ಮೋರಿಗಳಿಗೆ ಚಪ್ಪಡಿ ಬಿತ್ತು.

ಭಾನುವಾರ ಬಸ್ಸು ಮಾಗಡಿ ರೋಡಿನಿಂದ ತಿರುಗಿ ಹೊಸ ರಸ್ತೆಯಲ್ಲಿ ಸದ್ದಿಲ್ಲದೆ ಜಾರಿಕೊಂಡು ಊರು ಮುಟ್ಟಿತು. ಅಲ್ಲಿ ಮಾವಿನ ತೋರಣ, ತಮಟೆ, ಓಲಗ. ಮುಖಂಡರಿಗೆಂದು ಐದು ಕುರ್ಚಿ. ನಡುವಿನದಕ್ಕೆ ಜಮಖಾನ ಹೊದಿಸಿತ್ತು. ಸೇತುರಾಮಯ್ಯನವರನ್ನು ಅದರ ಮೇಲೆ ಕೂರಿಸಿ ಕುತ್ತಿಗೆಗೆ ಹಾರ ಹಾಕಿದರು. ಹಾರ ಎಷ್ಟು ದಪ್ಪವಿತ್ತೆಂದರೆ ಅವರು ಕತ್ತು ತಿರುಗಿಸಬೇಕಾದರೆ ಸೊಂಟ ಸಮೇತ ತಿರುಗಬೇಕಾಗಿತ್ತು. ಮುಂದಿನ ಸಾಲಿನಲ್ಲಿ ಕೂತ ಗೋಪೀನಾಥ, "ಒಂದು ಊಟಕ್ಕೆ ಇದೇನ್ರೀ ಅದ್ಧೂರಿ?" ಎಂದು ಪಕ್ಕದವರನ್ನು ಕೇಳಿದರು. ಪಕ್ಕದಲ್ಲಿದ್ದವನು ಪಂಚಾಕ್ಷರಿ. ಅವನು ರಸ್ತೆಯ ಬಗ್ಗೆ ಸಮಿತಿಗೆ ಏನನ್ನಿಸಿತು ಎಂದು ತಿರುಗಿ ಕೇಳಿದ.

ದೊಡ್ಡಹನುಮಯ್ಯ ಎದ್ದು ನಿಂತು, ಶಾಲೆ ಮೇಷ್ಟರು ಬರೆದುಕೊಟ್ಟಿದ್ದ ಬಿನ್ನವತ್ತಳೆಯನ್ನು ಅವರಿಂದಲೇ ಓದಿಸಿದ. "ಮೃಗಾಲಯದ ಸ್ಥಳ ಆರಿಸುವ ಮಹಾಸಮಿತಿಯ ಘನ ಅಧ್ಯಕ್ಷರಲ್ಲಿ ಹೇರೋಹಳ್ಳಿ ಗ್ರಾಮಸ್ಥರ ವಿಜ್ಞಾಪನೆ. ನಮ್ಮ ಗ್ರಾಮದಲ್ಲಿ ಹುಲಿಯನ್ನಾಗಲಿ, ಸಿಂಹವನ್ನಾಗಲಿ, ನಮ್ಮ ಕೆರೆಯಲ್ಲಿ ಇಪ್ಪತ್ತು ಮೊಸಳೆಗಳನ್ನಾಗಲಿ ಬಿಡಬಾರದಾಗಿ ಪ್ರಾರ್ಥನೆ..."

ಹಾರದೊಳಗೆ ಸೇತುರಾಮಯ್ಯ ತಣ್ಣಗಾದರು. ಹಲಸಿನಹಣ್ಣು, ಎಮ್ಮೆ, ಕೆರೆ, ಪುರುಷೋತ್ತಮನ ಸೀಟು, ಕುಲುಕದ ರಸ್ತೆ ಎಲ್ಲವೂ ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಎದುರಿಗೆ ಇನ್ನೂರು ಜನ. ಓಡಿಹೋಗೋಣವೆಂದರೆ ಬಸ್ಸಿನ ಡ್ರೈವರು ಆಗಲೇ ಊಟಕ್ಕೆ ಕೂತಿದ್ದ.

"ಅಧ್ಯಕ್ಷರು ತೀರ್ಮಾನ ಏಳಬೇಕು!" ಎಂದರು ಜನ.

ಸೇತುರಾಮಯ್ಯ ಎದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಜೇಬಿನಲ್ಲಿ ಇದ್ದದ್ದು ಪ್ರವಾಸದ ಪಟ್ಟಿಯೊಂದೇ. ಅದನ್ನೇ ತೆಗೆದು ಓದಿದರು.

"ಸಮಿತಿ ಎಲ್ಲಾ ಊರುಗಳಿಗೂ ಕಾಗದ ಬರೆದು ವಿಚಾರ ಮಾಡಿದೆ. ಹುಲಿ, ಆನೆ, ಜಿರಾಫೆ..." ಪಟ್ಟಿಯ ಮೇಲೆ ಬೆರಳಿಟ್ಟುಕೊಂಡರು. "ಹುಲಿಗೆ ಮೈಸೂರು."

ಹಿಂದಿನಿಂದ ಪಟಾಲಮ್ಮ ಕೂಗಿದಳು, "ಮೈಸೂರಿಗೋಯ್ತು ಕಣ್ರೋ ಉಲಿ!"

ತಮಟೆ ಸಿಡಿಯಿತು. ಟೋಪಿ, ಟವಲು ಮೇಲಕ್ಕೆ ಹಾರಿದವು. ದೊಡ್ಡಹನುಮಯ್ಯ ಕೈ ಎತ್ತಿ ಸದ್ದು ಅಡಗಿಸಿ ಕೇಳಿದ, "ಆವು? ಮೊಸಳೆ? ಮೀನು?"

ಅದು ಇನ್ನೂ ತೀರ್ಮಾನವಾಗಿರಲಿಲ್ಲ. ಪಟ್ಟಿಯಲ್ಲಿ ಆ ಜಾಗ ಖಾಲಿಯಿತ್ತು. ಸೇತುರಾಮಯ್ಯ ಸೊಂಟ ಸಮೇತ ತಿರುಗಿ ಗೋಪೀನಾಥರನ್ನು ನೋಡಿದರು, ಮತ್ತೆ ತಿರುಗಿ ಜಲಜಾಳನ್ನು ನೋಡಿದರು. ಅವಳು ಹುಬ್ಬು ಏರಿಸಿದಳು.

"ಮದ್ರಾಸಿಗೆ!" ಎಂದರು ಸೇತುರಾಮಯ್ಯ, ಜೀವಮಾನದಲ್ಲಿ ಯಾವತ್ತೂ ಎತ್ತದ ದನಿಯಲ್ಲಿ.

ಊರು ಒಂದೇ ಸಮನೆ ಕೇಕೆ ಹಾಕಿತು. ಗೋಪೀನಾಥ ಎದ್ದು ನಿಂತರು. "ಇದು ಅನ್ಯಾಯ! ಹೈದರಾಬಾದಿನ ಸಿಂಹಗಳ ವಿಷಯ ಏನಾಯ್ತು? ಸಿಂಹದ ಪ್ರಶ್ನೆ ಮತ್ತೆ ಎತ್ತಲೇಬೇಕು!"

ತಮಟೆ ನಿಂತಿತು. ಇನ್ನೂರು ಮುಖ ಗೋಪೀನಾಥರ ಕಡೆ ತಿರುಗಿದವು.

"ಯಾರಯ್ಯ ಅದು, ಸಿಂಹ ಬೇಕು ಅಂತಿರೋದು?"

"ಎಲ್ಲಾ ಮುಗೀತು ಅನ್ನೋವಾಗ ಇವನೊಬ್ಬ!"

"ಸಿಂಹ ಬೇಕಾದ್ರೆ ನಿನ್ನ ಮನೇಲಿ ಕಟ್ಕೊಳಯ್ಯ!"

ಪಟಾಲಮ್ಮ ಮುಂದೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗೋಪೀನಾಥ ಜಿರಾಫೆಯ ಫೋಟೋವನ್ನು ಜೇಬಿನ ಒಳಕ್ಕೆ ತಳ್ಳಿ, "ಮದ್ರಾಸೇ ಒಳ್ಳೇದು, ನಾನೂ ಅದನ್ನೇ ಹೇಳ್ತಿದ್ದೆ" ಎಂದು ಕೂತರು. ಹೈದರಾಬಾದ್ ಪಕ್ಷ ಅಲ್ಲಿಗೆ ಮುಗಿಯಿತು. ಸೇತುರಾಮಯ್ಯನವರನ್ನು ಹಾರ ಸಮೇತ ಹೆಗಲ ಮೇಲೆ ಹೊತ್ತು ಊರ ಸುತ್ತ ಒಂದು ಸುತ್ತು ಬಂದರು. ಹೊತ್ತವರಲ್ಲಿ ಮುಂದಿನ ಬಲಗಡೆಯ ಹೆಗಲು ಪಂಚಾಕ್ಷರಿಯದು.

ಊಟಕ್ಕೆ ಕೂತಾಗ ಸೇತುರಾಮಯ್ಯನವರ ಗಂಟಲಲ್ಲಿ ಪಾಯಸ ಇಳಿಯಲಿಲ್ಲ. ಪಕ್ಕದಲ್ಲಿದ್ದ ದೊಡ್ಡಹನುಮಯ್ಯನ ಕಿವಿಯಲ್ಲಿ ಮೆಲ್ಲಗೆ ಹೇಳಿದರು, "ಯಜಮಾನ್ರೇ, ನನ್ನನ್ನ ಕ್ಷಮಿಸಬೇಕು. ನಾನು ಬರೀ ಗುಮಾಸ್ತ. ಇದು ಟೂರು ಹೋಗೋ ಕಮಿಟಿ. ಹುಲಿ ನಾವು ನೋಡೋಕೆ ಹೋಗೋದು, ಬಿಡೋಕಲ್ಲ."

ದೊಡ್ಡಹನುಮಯ್ಯ ಎಲೆಯಿಂದ ತಲೆ ಎತ್ತಲಿಲ್ಲ. "ನಂಗೆ ನೆನ್ನೇನೇ ಗೊತ್ತಾಯ್ತು ಸೋಮಿ. ಎಷ್ಟು ಜನಕ್ಕೆ ಅಡುಗೆ ಅಂತ ಕೇಳಾಕೆ ನಿಮ್ಮ ಬೀದಿಗೆ ಬಂದಿದ್ದೆ. ನೀವು ಮನೇಲಿರಲಿಲ್ಲ. ಆ ಸಿಂಹದ ಐನೋರೇ ಗೇಟ್ನಾಗೆ ಸಿಕ್ಕಿ ಎಲ್ಲಾ ಏಳಿದ್ರು."

"ಮತ್ತೆ ನೀವು ಯಾಕೆ ಸುಮ್ಮನಿದ್ರಿ?"

"ಇನ್ನೂ ಒಂದು ಫರ್ಲಾಂಗು ಬಾಕಿ ಇತ್ತಲ್ಲ ಸೋಮಿ." ಪಾಯಸ ಸುರಿದು, ಕೈ ನೆಕ್ಕಿಕೊಂಡು ಸೇರಿಸಿದ: "ರೋಲರ್ ರಾತ್ರಿ ಎಲ್ಲಾ ಓಡ್ತು. ಉಣ್ಣಿ, ಉಣ್ಣಿ. ಆ ಪಂಚಾಕ್ಷರಿಗೆ ಮಾತ್ರ ಇನ್ನೊಂದಿಷ್ಟು ದಿನ ಏಳಬ್ಯಾಡಿ. ಬಸವಣ್ಣನ ಗುಡಿ ತಿರುವಿನಾಗೆ ಒಂದು ಮೋರಿ ಉಳಿದೈತೆ."

ಸೇತುರಾಮಯ್ಯನವರಿಗೆ ಒಮ್ಮೆಲೇ ಹಸಿವಾಯಿತು. ಮೂರು ಸಲ ಪಾಯಸ ಹಾಕಿಸಿಕೊಂಡರು.

ಪ್ರವಾಸದ ಬಸ್ಸು ಮೇ ತಿಂಗಳ ಎರಡನೇ ವಾರ ಹೊರಟಿತು. ಪುರುಷೋತ್ತಮ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಸರ್ಟಿಫಿಕೇಟುಗಳ ಫೈಲು ಹಿಡಿದು, ಕೆಲಸಕ್ಕೆ ಹಾಜರಾಗಲು ಬಂದ. ವಿಷಯ ತಿಳಿದ ಅನಂತಲಕ್ಷ್ಮಮ್ಮ ಬೀದಿಯಲ್ಲೇ ಒಂದು ರಂಪ ಮಾಡಿದರು. ಆಮೇಲೆ ಊಟ ತಿಂಡಿ ನಿಜವಾಗಿಯೂ ಸೇರಿದೆ ಎಂದು ಖಚಿತಪಡಿಸಿಕೊಂಡು, ತಾವೂ ಹತ್ತಿ ಮಗನ ಪಕ್ಕ ಕೂತರು. ಉಳಿದ ಎರಡು ಸೀಟಿಗೆ ದೊಡ್ಡಹನುಮಯ್ಯ ಮತ್ತು ಪಟಾಲಮ್ಮ. ಕರೆದವರು ಸೇತುರಾಮಯ್ಯನವರೇ. ಯಾರೂ ಬೇಡವೆನ್ನಲಿಲ್ಲ, ಗೋಪೀನಾಥರಂತೂ ಪಟಾಲಮ್ಮನಿಗೆ ತಮ್ಮ ಮುಂದಿನ ಸೀಟು ಬಿಟ್ಟುಕೊಟ್ಟು ಹಿಂದಕ್ಕೆ ಹೋದರು.

ಮೈಸೂರಿನಲ್ಲಿ ಹುಲಿಯ ಬೋನಿನ ಮುಂದೆ ಪಟಾಲಮ್ಮ ತುಂಬಾ ಹೊತ್ತು ನಿಂತಳು. ಅವಳು ಹುಲಿ ನೋಡಿದ್ದು ಅದೇ ಮೊದಲು. ಹುಲಿ ಮಲಗಿದ್ದಲ್ಲೇ ಒಂದು ಕಣ್ಣು ತೆರೆದು ಅವಳನ್ನು ನೋಡಿತು.

"ಯಾವೂರಮ್ಮ ನಿಮ್ದು?" ಎಂದು ಕೇಳಿದ, ನೀರಿನ ಬಕೆಟ್ಟು ಹಿಡಿದು ಬಂದ ಹುಲಿ ನೋಡಿಕೊಳ್ಳುವವನು.

"ಏರೋಳ್ಳಿ. ಇದು ನಮ್ಮೂರಿಗೇ ಬರ್ಬೇಕಾಗಿತ್ತು ಕಣಪ್ಪ," ಎಂದಳು ಪಟಾಲಮ್ಮ. ಆಮೇಲೆ ಹಿಂದೆ ತಿರುಗಿ, ಎರಡೂ ಕೈಯಲ್ಲಿ ಸೇತುರಾಮಯ್ಯನವರನ್ನು ತೋರಿಸಿದಳು. "ಇವ್ರೇ ಬ್ಯಾಡ ಅಂತ ಏಳಿ ಇಲ್ಲಿಗೆ ಆಕಿಸಿದ್ರು. ಅಧ್ಯಕ್ಷರು."

ಅವನು ಬಕೆಟ್ಟು ಕೆಳಗಿಟ್ಟು, ನೆಟ್ಟಗೆ ನಿಂತು, ಸೇತುರಾಮಯ್ಯನವರಿಗೆ ಸಲಾಂ ಹೊಡೆದ.

ಜಲಜಾ ಗಂಡನ ಮುಖ ನೋಡಿದಳು. ಗೋಪೀನಾಥರೂ ನೋಡಿದರು. ಸೇತುರಾಮಯ್ಯ ಕಾಲರು ಸರಿಮಾಡಿಕೊಂಡು, ಬೋನಿನ ಹತ್ತಿರ ಹೋಗಿ, ಹುಲಿಯನ್ನು ತಲೆಯಿಂದ ಬಾಲದ ತನಕ ಒಮ್ಮೆ ನೋಡಿ ಕೇಳಿದರು:

"ಊಟ ಗೀಟ ಸರಿಯಾಗಿ ಮಾಡ್ತಿದೆ ತಾನೇ?"